ಮೂರನೆಯ ಪ್ರಶ್ನೆಗೆ ಉತ್ತರ

ಜನವರಿ 9

ಚಿರಂಜೀವಿ ತಮ್ಮನಿಗೆ,

ಅಕ್ಕನ ಆಶೀರ್ವಾದ. ಇಲ್ಲಿ ಒಲೆ ಉರಿಯುತ್ತಿದೆ, ಆದ್ದರಿಂದ ನಾವೆಲ್ಲ ಚೆನ್ನಾಗಿದ್ದೇವೆ ಎಂದೇ ತಿಳಿದುಕೋ. ಫೋನ್ ಮಾಡಬಾರದೇ ಎಂದು ಕೇಳಬೇಡ. ಫೋನಿನಲ್ಲಿ ನೀನು ಹೂಂ ಹೂಂ ಎನ್ನುತ್ತೀಯ, ಯಾವುದಕ್ಕೆ ಹೂಂ ಎಂದೆ ಎಂಬುದು ಆಮೇಲೆ ನಿನಗೇ ನೆನಪಿರುವುದಿಲ್ಲ. ಕಾಗದದಲ್ಲಿ ಬರೆದದ್ದಾದರೆ ನನ್ನ ಹತ್ತಿರ ಇರುತ್ತದೆ.

ರಸ್ಕುವಿನ ವಿಷಯ ಬರೆಯಬೇಕಿತ್ತು. ನಮ್ಮ ಬೇಕರಿಯ ರಸ್ಕಲ್ಲ, ಮೊಮ್ಮಗಳು. ಅವಳಿಗೆ ನಾಲ್ಕು ತುಂಬಿತು. ಹಲ್ಲು ಬರುವಾಗ ಕಡಿದ ರಸ್ಕು ಇನ್ನೂ ಬಿಟ್ಟಿಲ್ಲ, ಹೆಸರೂ ಬಿಟ್ಟಿಲ್ಲ. ಅಳಿಯ ಮೊದಲೇ ಹೋದವನು, ನನ್ನ ಮಗಳು ತೀರಿಕೊಂಡು ವರ್ಷವಾಗುತ್ತಾ ಬಂತು. ಜೂನ್‌ನಲ್ಲಿ ಶಾಲೆಗೆ ಹಾಕಬೇಕು ಎಂದು ಕೇಳಲು ಹೋದರೆ ಅಲ್ಲಿನ ದೊಡ್ಡ ಮೇಡಂ, "ಅಜ್ಜಿ ಅಂದ್ರೆ ಸಾಲದಮ್ಮ, ಪಾಲಕರು ಯಾರು ಅಂತ ಸರ್ಕಾರದ ಆದೇಶ ಬೇಕು" ಎಂದಳು. ಹುಟ್ಟಿದ ದಿನದಿಂದ ನನ್ನ ಮನೆಯಲ್ಲಿ ಬೆಳೆದ ಮಗುವಿಗೆ ನಾನು ಯಾರು ಎಂದು ಸರ್ಕಾರ ಹೇಳಬೇಕಂತೆ. ಆಗಲಿ ಎಂದುಕೊಂಡು ನಿಮ್ಮ ಇಲಾಖೆಯ ಸೇವಾ ಕೇಂದ್ರಕ್ಕೆ ಹೋದೆ.

ಒಳಗೆ ಹೋದೊಡನೆ ಏನು ಕಂಡಿತು ಗೊತ್ತೇ? ಕೌಂಟರಿನ ಮೇಲೆ, ಗಡಿಯಾರದ ಪಕ್ಕ, ನಿನ್ನ ಫೋಟೋ. ಕೋಟು ಹಾಕಿದ ಯಾರದೋ ಕೈ ಕುಲುಕುತ್ತಾ ನಗುತ್ತಿದ್ದೀಯ. ಕೆಳಗೆ ಏನೋ ಅಚ್ಚು ಹಾಕಿದ್ದಾರೆ, ಅಷ್ಟು ಎತ್ತರ ನನ್ನ ಕನ್ನಡಕಕ್ಕೆ ನಿಲುಕಲಿಲ್ಲ. ಗಾಜಿನ ಹಿಂದಿದ್ದ ಹುಡುಗಿಗೆ, "ಅದು ನನ್ನ ತಮ್ಮ" ಎಂದೆ. ಅಲ್ಲಿಯವರೆಗೆ ಕುರ್ಚಿಗೆ ಒರಗಿದ್ದವಳು ನೆಟ್ಟಗೆ ಕೂತಳು.

"ವಯಸ್ಸೆಷ್ಟಮ್ಮ?"

"ಅರವತ್ತೆಂಟು."

"ಮನೆ ಯಜಮಾನರು ಯಾರು?"

"ನಾನೇ."

"ದುಡಿಯೋರು?"

"ನಾನೇ."

"ಮಗೂನ ನೋಡ್ಕೊಳ್ಳೋರು?"

"ಇನ್ಯಾರಿದ್ದಾರೆ, ನಾನೇ."

"ಮನೇಲಿ ಬೇರೆ ಯಾರಾದ್ರೂ..."

"ಇದ್ದಾರೆ. ಅವರೆಲ್ಲ ಲೆಕ್ಕಕ್ಕಿಲ್ಲ. ನೀನು ಬರ್ಕೊ."

ಅವಳು ಒಮ್ಮೆ ಗೋಡೆಯ ಮೇಲಿದ್ದ ನಿನ್ನನ್ನು ನೋಡಿದಳು, ಆಮೇಲೆ ಮರುಮಾತಿಲ್ಲದೆ ಟೈಪ್ ಮಾಡಿದಳು. ಸೊಸೆ ನನ್ನ ಹಿಂದೆ ನಿಂತಿದ್ದಳು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿ ಜೊಲ್ಲು ಸುರಿಸುತ್ತಿತ್ತು. "ಅತ್ತೆ, ನನ್ನ ಹೆಸರೂ ಒಂದು..." ಎಂದಳು. "ಸುಮ್ನಿರು" ಎಂದೆ. ಮಗನಂತೂ ಹಡಗಿನಲ್ಲಿ ಅಡುಗೆ ಮಾಡಿಕೊಂಡು ವರ್ಷಕ್ಕೊಮ್ಮೆ ಮುಖ ತೋರಿಸುವವನು. ಅವನ ಹೆಂಡತಿಯ ಹೆಸರನ್ನು ಸರ್ಕಾರಕ್ಕೆ ಕೊಟ್ಟು ಏನಾಗಬೇಕು? ಈ ಮನೆಗೆ ಒಂದು ತಲೆ ಸಾಕು.

ಒಂದು ಡಬ್ಬಿ ರಸ್ಕು ಕಳಿಸಿದ್ದೇನೆ. ಆಫೀಸಿನಲ್ಲಿ ಹಂಚಿ ಮುಗಿಸಬೇಡ.

ನಿನ್ನ ಅಕ್ಕ


ಜನವರಿ 20

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಡಬ್ಬಿ ಬಂತು. ಹಂಚಬೇಡ ಎಂದು ಬರೆದದ್ದನ್ನು ಓದುವ ಹೊತ್ತಿಗೆ ಅರ್ಧ ಡಬ್ಬಿ ಹಂಚಿಯಾಗಿತ್ತು. ನಮ್ಮ ವಿಭಾಗದ ಟೈಪಿಸ್ಟು, "ಸಾರ್, ಇದರಲ್ಲಿ ಏನು ಹಾಕ್ತಾರೆ ಕೇಳಿ" ಎಂದಳು. ಕೇಳಿ ಪ್ರಯೋಜನವಿಲ್ಲ, ಉಪ್ಪು ಹಾಕುವಾಗ ನಮ್ಮಕ್ಕ ಸೊಸೆಗೂ ಬೆನ್ನು ತೋರಿಸಿ ನಿಲ್ಲುತ್ತಾಳೆ ಎಂದೆ. ಎಲ್ಲರೂ ನಕ್ಕರು.

ನೀನು ಸೇವಾ ಕೇಂದ್ರಕ್ಕೆ ಹೋದದ್ದು ಒಳ್ಳೆಯದಾಯಿತು. ಹಿಂದಿನ ಹಾಗೆ ಮೇಜಿನಿಂದ ಮೇಜಿಗೆ ಅಲೆಯುವುದು, ಗುಮಾಸ್ತರ ಮುಂದೆ ಹಲ್ಲು ಗಿಂಜುವುದು ಈಗಿಲ್ಲ. ಉತ್ತರ ಕೊಟ್ಟರೆ ಕಂಪ್ಯೂಟರು ತಾನೇ ಅಳೆದು ಹೇಳುತ್ತದೆ. ಅದಕ್ಕೆ ಮಂತ್ರಿಯ ಅಕ್ಕನೂ ಒಂದೇ, ಬೀದಿ ಗುಡಿಸುವವಳೂ ಒಂದೇ. ನಿನ್ನಂಥವಳಿಗೆ ಇಷ್ಟವಾಗಬೇಕಾದ ವ್ಯವಸ್ಥೆ. ಫೋಟೋ ಯಾವುದೋ ಸಮಾರಂಭದ್ದು, ನನಗೂ ಸರಿಯಾಗಿ ನೆನಪಿಲ್ಲ. ಗೋಡೆ ಖಾಲಿ ಕಾಣಬಾರದೆಂದು ಹಾಕಿರಬೇಕು.

ಮುಂದಿನ ವರ್ಷ ನಿವೃತ್ತಿ. ಅಲ್ಲಿಯವರೆಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ರಸ್ಕುವಿಗೆ ಮುತ್ತು.

ನಿನ್ನ ತಮ್ಮ


ಫೆಬ್ರವರಿ 11

ತಮ್ಮನಿಗೆ,

ಆಶೀರ್ವಾದ. ಒಲೆ ಉರಿಯುತ್ತಿದೆ.

ನಿನ್ನೆ ಸೇವಾ ಕೇಂದ್ರದಿಂದ ಕರೆ ಬಂತು. ಹೋದೆ. ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನನ್ನ ಹೆಸರು, ಅದರ ಮುಂದೆ ಎರಡೇ ಮಾತು: ಅರ್ಹತೆ ಇಲ್ಲ.

"ಯಾಕಂತೆ?" ಎಂದೆ.

"ಅದು ಹೇಳಲ್ಲಮ್ಮ."

"ಯಾರು ಹೇಳಲ್ಲ?"

"ಕಂಪ್ಯೂಟರು. ನಮಗೂ ಇಷ್ಟೇ ಬರೋದು."

"ನಿಮ್ಮ ಮೇಲಿನವರನ್ನ ಕೇಳು."

"ಅವರಿಗೂ ಇಷ್ಟೇ ಬರೋದಮ್ಮ."

ನನ್ನ ಹಿಂದೆ ಸಾಲಿನಲ್ಲಿದ್ದ ಒಬ್ಬ, "ಅಜ್ಜಿ, ಆ ಯಂತ್ರದ ಹತ್ರ ಜಗಳ ಆಡಿದ್ರೆ ನಮ್ಮ ಸರದಿ ಹೋಗುತ್ತೆ" ಎಂದ. ನಾನು ಜಗಳವಾಡುತ್ತಿರಲಿಲ್ಲ. ಕೇಳುತ್ತಿದ್ದೆ. ಕೇಳುವುದಕ್ಕೂ ಜಗಳಕ್ಕೂ ಈಗ ವ್ಯತ್ಯಾಸವೇ ಉಳಿದಿಲ್ಲ ಎಂದು ಕಾಣುತ್ತದೆ.

ನೋಡು, ನನ್ನ ಅಂಗಡಿಯಲ್ಲಿ ತೂಕದ ಯಂತ್ರವಿದೆ. ಅದರ ಮುಳ್ಳು ಗಿರಾಕಿಗೆ ಕಾಣುವ ಹಾಗೆ ಇಡಬೇಕೆಂದು ನಿಮ್ಮ ಸರ್ಕಾರವೇ ಕಾನೂನು ಮಾಡಿದೆ. ಒಮ್ಮೆ ಒಲೆ ಸಾರಿಸುವಾಗ ಯಂತ್ರವನ್ನು ಗೋಡೆಯ ಕಡೆಗೆ ತಿರುಗಿಸಿದ್ದೆ. ಅಷ್ಟರಲ್ಲೇ ತನಿಖೆಯವನು ಬಂದು ದಂಡ ಹಾಕಿದ. ತೂಕ ಸರಿಯಾಗಿಯೇ ಇತ್ತು. "ಸರಿ ಇದ್ರೆ ಸಾಲದಮ್ಮ, ಸರಿ ಇದೆ ಅಂತ ಅವರಿಗೆ ಕಾಣ್ಬೇಕು" ಎಂದ. ಅವನ ಮಾತು ಒಪ್ಪಿದೆ, ದಂಡ ಕಟ್ಟಿದೆ. ಈಗ ನನ್ನನ್ನು ತೂಗಿದ್ದೀರಿ. ಮುಳ್ಳು ಎಲ್ಲಿದೆ?

ಯಾವ ನಿಯಮದ ಮೇಲೆ ನನಗೆ ಅರ್ಹತೆ ಇಲ್ಲವೆಂದರು ಎಂಬುದನ್ನು ತಿಳಿದು ಬರೆ. ಅಷ್ಟೇ ಸಾಕು.

ನಿನ್ನ ಅಕ್ಕ


ಫೆಬ್ರವರಿ 27

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದ ಓದಿ ಮನಸ್ಸಿಗೆ ಕಷ್ಟವಾಯಿತು. ಉತ್ತರ ಬರೆಯಲು ತಡವಾದದ್ದಕ್ಕೂ ಅದೇ ಕಾರಣ.

ಅಕ್ಕ, ನೀನು ನನಗಾಗಿ ಏನು ಮಾಡಿದ್ದೀಯ ಎಂಬುದು ನನಗೆ ಗೊತ್ತು. ಅಮ್ಮ ಹೋದಾಗ ನೀನು ಹೈಸ್ಕೂಲು ಮುಗಿಸಿ ಒಲೆ ಹಿಡಿದೆ, ನಾನು ಕಾಲೇಜು ಕಂಡೆ. ಆದರೆ ಇಲಾಖೆಯಲ್ಲಿ ನನ್ನ ಮನೆಯವರಿಗೆಂದು ನಾನು ಇದುವರೆಗೆ ಒಂದು ಮಾತೂ ಆಡಿದವನಲ್ಲ. ಈ ವಯಸ್ಸಿನಲ್ಲಿ ಆಡಿಸಬೇಡ. ನಿನಗೆ ಅರ್ಹತೆ ಕೊಡಿಸಿದರೆ ನಾಳೆ ಎಲ್ಲರ ಅಕ್ಕಂದಿರಿಗೂ ಕೊಡಿಸಬೇಕಾಗುತ್ತದೆ.

ಮೇಲ್ಮನವಿಗೆ ಅವಕಾಶವಿದೆ. ಅದೇ ಕೌಂಟರಿನಲ್ಲಿ ಹಾಕು. ಅದು ಇತ್ಯರ್ಥವಾಗುವವರೆಗೆ ಮಗು ನಿನ್ನ ಹತ್ತಿರವೇ ಇರುತ್ತದೆ. ಗಾಬರಿಯಾಗಬೇಡ, ತಾಳ್ಮೆಯಿಂದಿರು.

ನಿನ್ನ ತಮ್ಮ


ಮಾರ್ಚ್ 6

ಮಾನ್ಯ ಉಪನಿರ್ದೇಶಕರಿಗೆ,

ತಮ್ಮ ಪತ್ರ ತಲುಪಿತು. ನಾನು ಕೇಳಿದ್ದು ಒಂದು, ತಾವು ಇಲ್ಲವೆಂದದ್ದು ಇನ್ನೊಂದು. ಅರ್ಹತೆ ಕೊಡಿಸು ಎಂದು ನಾನು ಎಲ್ಲಿ ಬರೆದಿದ್ದೇನೆ? ನನ್ನ ಕಾಗದ ಇಟ್ಟುಕೊಂಡಿದ್ದರೆ ತೆಗೆದು ಓದಿ. ಯಾಕೆ ಇಲ್ಲ ಎಂದು ಕೇಳಿದೆ. ಹೌದು ಎನಿಸಿ ಎಂದು ಕೇಳಲಿಲ್ಲ. ಇಷ್ಟು ವರ್ಷ ಸರ್ಕಾರದ ಕುರ್ಚಿಯಲ್ಲಿ ಕೂತು, ಕೇಳುವವರೆಲ್ಲ ಬೇಡುವವರ ಹಾಗೆ ಕಾಣತೊಡಗಿದ್ದಾರೆ ತಮಗೆ.

ಮೇಲ್ಮನವಿಯ ವಿಷಯ. ಹೋದೆ. ಆ ಹುಡುಗಿ ಕೇಳಿದ ಮೊದಲನೆಯ ಪ್ರಶ್ನೆ, "ತಿರಸ್ಕಾರಕ್ಕೆ ಕೊಟ್ಟ ಕಾರಣಗಳಲ್ಲಿ ಯಾವುದು ತಪ್ಪು ಅಂತೀರಮ್ಮ?" ಕಾರಣ ಕೊಟ್ಟಿದ್ದರಲ್ಲವೇ, ತಪ್ಪೋ ಸರಿಯೋ ಹೇಳಲು. ಉತ್ತರ ಬರೆಯದೆ ಅದು ಮುಂದಕ್ಕೆ ಹೋಗುವುದಿಲ್ಲವಂತೆ. ನನಗೆ ಗೊತ್ತಿಲ್ಲದ್ದನ್ನು ತಪ್ಪು ಎನ್ನುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಇಲ್ಲ ಎಂದವರ ಮುಂದೆ ಊಹೆ ಮಾಡಿಕೊಂಡು ಕೈಕಟ್ಟಿ ನಿಲ್ಲುವುದು ನನ್ನಿಂದಾಗದು.

ಮಗು ಚೆನ್ನಾಗಿದ್ದಾಳೆ. ತಾವು ತಾಳ್ಮೆಯಿಂದಿರಿ.

ಬೇಕರಿಯ ಮಾಲೀಕಳು


ಮಾರ್ಚ್ 29

ಅಕ್ಕ,

ಬೈಗುಳ ತಲುಪಿತು. ನಿನ್ನ ಕಾಗದಗಳನ್ನೆಲ್ಲ ತೆಗೆದು ಓದಿದೆ. ನೀನು ಹೇಳಿದ್ದೇ ಸರಿ, ನೀನು ಬೇಡಿರಲಿಲ್ಲ. ತಪ್ಪು ತಿಳಿದೆ.

ಆಮೇಲೆ ನಾನೂ ಕೇಳಿದೆ. ಯಾವ ನಿಯಮದ ಮೇಲೆ ಆ ಉತ್ತರ ಬಂತೆಂದು ನಮ್ಮ ವಿಭಾಗದಲ್ಲಿ ಯಾರಿಗೂ ಗೊತ್ತಿಲ್ಲ. ತಂತ್ರಾಂಶ ಬರೆದ ಕಂಪನಿಗೆ ಪತ್ರ ಹಾಕಿದೆ. ಇಲಾಖೆಯ ನಿಯಮಗಳನ್ನು ಒಳಗೆ ಹೇಗೆ ಅಳವಡಿಸಿದ್ದೇವೆ ಎಂಬುದು ನಮ್ಮ ವ್ಯಾಪಾರದ ಗುಟ್ಟು, ಒಪ್ಪಂದದ ಪ್ರಕಾರ ತೋರಿಸಬೇಕಾಗಿಲ್ಲ ಎಂದು ಬರೆದರು. ಇನ್ನೊಮ್ಮೆ ಬರೆದೆ. ಅದೇ ಉತ್ತರ, ಸಹಿ ಮಾತ್ರ ಬೇರೆ. ನಮ್ಮದೇ ಕಾನೂನು, ನಮ್ಮದೇ ಮಕ್ಕಳು, ಆದರೆ ಅಳತೆಗೋಲು ಅವರ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆಯ ಒಳಗೆ ನಾನೂ ಇಣುಕುವ ಹಾಗಿಲ್ಲ.

ಬೇಸರ ಮಾಡಿಕೊಳ್ಳಬೇಡ, ಒಂದು ಮಾತು. ಗುಟ್ಟು ಎಂದೊಡನೆ ನನಗೆ ನಿನ್ನ ರಸ್ಕು ನೆನಪಾಯಿತು. ಇಷ್ಟು ವರ್ಷ ಜೊತೆಗೆ ದುಡಿಯುವ ಸೊಸೆಗೇ ನೀನು ಹದ ಹೇಳಿಲ್ಲ. ಅವರು ಹೊರಗಿನವರಿಗೆ ಹೇಳುತ್ತಾರೆಯೇ?

ಮೇ ತಿಂಗಳ ಸಭೆಯಲ್ಲಿ ಇದನ್ನು ಎತ್ತುತ್ತೇನೆ. ಹೇಗೂ ಮಗು ಮನೆಯಲ್ಲೇ ಇದೆಯಲ್ಲ, ಅವಸರವಿಲ್ಲ.

ನಿನ್ನ ತಮ್ಮ


ಏಪ್ರಿಲ್ 8

ತಮ್ಮನಿಗೆ,

ಮಗು ಮನೆಯಲ್ಲಿಲ್ಲ.

ಮಾರ್ಚ್ 3ರಂದು ನಿಮ್ಮ ಇಲಾಖೆಯ ಇಬ್ಬರು ಹೆಂಗಸರು ಬಂದರು. ಒಳ್ಳೆಯವರೇ. ಒಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅರ್ಹತೆ ಇಲ್ಲದ ಮನೆಯಲ್ಲಿ ಮಗುವನ್ನು ಬಿಡಬಾರದೆಂದು ಕಂಪ್ಯೂಟರು ತಾನೇ ಆದೇಶ ಹೊರಡಿಸಿದೆಯಂತೆ. ಮೇಲ್ಮನವಿ ಇದ್ದಿದ್ದರೆ ನಿಲ್ಲುತ್ತಿತ್ತು, ಇರಲಿಲ್ಲ. "ನಮ್ಮ ಕೈಯಲ್ಲಿ ಏನೂ ಇಲ್ಲಮ್ಮ" ಎಂದಳು. ಅವಳ ಕೈಯಲ್ಲಿ ಆಗಲೇ ಮಗುವಿನ ಚೀಲವಿತ್ತು.

ರಸ್ಕು ಅಳಲಿಲ್ಲ. ವ್ಯಾನಿನಲ್ಲಿ ಕಿಟಕಿಯ ಪಕ್ಕ ಕೂರಿಸುತ್ತಾರೆಂದು ಖುಷಿಯಲ್ಲಿದ್ದಳು. ಸೊಸೆ ಹಿಟ್ಟಿನ ಕೈಯಲ್ಲೇ ಬೀದಿಯ ಕೊನೆಯವರೆಗೆ ಓಡಿದಳು. ನಾನು ಓಡಲಿಲ್ಲ. ಟ್ರೇಗಳು ಒಲೆಯೊಳಗಿದ್ದವು. ಒಳಗೆ ಹೋಗಿ ತೆಗೆದೆ. ಒಂದೂ ಸುಡಲಿಲ್ಲ.

ಮಾರ್ಚ್ 6ರ ಕಾಗದದಲ್ಲಿ ಮಗು ಚೆನ್ನಾಗಿದ್ದಾಳೆ ಎಂದು ಬರೆದೆ. ಆಗ ಹಾಸಿಗೆ ಖಾಲಿಯಾಗಿತ್ತು. ನನ್ನ ಮನೆಯಿಂದ ಮಗುವನ್ನು ಎತ್ತಿಕೊಂಡು ಹೋದರು ಎಂದು ನಿನಗೆ ಬರೆಯಲು ಕೈ ಬರಲಿಲ್ಲ. ಬರೆದರೆ ನೀನು ಮತ್ತೆ ನಾನು ಬೇಡುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ. ಅವಸರವಿಲ್ಲ ಎಂಬ ಮಾತನ್ನು ನಿನ್ನ ಬಾಯಿಗೆ ಹಾಕಿದವಳು ನಾನೇ. ಅದನ್ನು ನಾನೇ ನುಂಗುತ್ತೇನೆ.

ಈಗ ಫೋಟೋದ ಮಾತು. ಮಗುವನ್ನು ಎಲ್ಲಿ ಇಟ್ಟಿದ್ದಾರೆಂದು ಕೇಳಲು ಮೊನ್ನೆ ಕೇಂದ್ರಕ್ಕೆ ಹೋಗಿದ್ದೆ. ದೂರದ ಕನ್ನಡಕ ಬೇರೆ ಮಾಡಿಸಿದ್ದೇನೆ. ಕೆಳಗಿನ ಅಚ್ಚು ಓದಿದೆ. "ಮಕ್ಕಳ ಪಾಲನಾ ತಂತ್ರಾಂಶಕ್ಕೆ ಇಲಾಖೆಯ ಪರವಾಗಿ ಸಹಿ ಮಾಡಿದ ಉಪನಿರ್ದೇಶಕರು, ಕಂಪನಿಯ ಮುಖ್ಯಸ್ಥರೊಂದಿಗೆ." ಯಾವುದೋ ಸಮಾರಂಭ, ನೆನಪಿಲ್ಲ ಎಂದಿದ್ದೆ ನೀನು. ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಅವರಿಗೇ ಕೊಟ್ಟು ಬಂದವನು ನೀನು. ಆಮೇಲೆ ಒಳಗೇನಿದೆ ನನಗೂ ಗೊತ್ತಿಲ್ಲ ಅಕ್ಕ ಎಂದು ನನಗೇ ಬರೆಯುತ್ತೀಯ.

ನನ್ನ ರಸ್ಕನ್ನು ಇದಕ್ಕೆ ಹೋಲಿಸಿದೆಯಲ್ಲ. ನನ್ನ ಹದ ಹಿಡಿಸದಿದ್ದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಬೇಕರಿ ಇದೆ, ಅಲ್ಲಿ ಕೊಳ್ಳಲಿ. ರಸ್ಕು ತಿನ್ನದಿದ್ದರೆ ಯಾರ ಮಗುವೂ ಮನೆಯಿಂದ ಹೋಗುವುದಿಲ್ಲ. ಸರ್ಕಾರ ಬೇಡವೆಂದರೆ ನಾನು ಯಾವ ಪಕ್ಕದ ಬೀದಿಗೆ ಹೋಗಲಿ? ಅದೊಂದನ್ನು ಹೇಳು.

ಅಕ್ಕ


ಏಪ್ರಿಲ್ 25

ಅಕ್ಕ,

ನಿನ್ನ ಕಾಗದ ಮೇಜಿನ ಖಾನೆಯಲ್ಲಿದೆ. ಖಾನೆ ತೆಗೆದಾಗಲೆಲ್ಲ ಕಾಣುತ್ತದೆ. ಬೇರೆ ಕಡೆ ಇಡಲೂ ಮನಸ್ಸಾಗುತ್ತಿಲ್ಲ.

ಸಹಿ ನನ್ನದೇ. ಅದು ನಡೆದ ಬಗೆಯನ್ನು ಹೇಳುತ್ತೇನೆ, ಕ್ಷಮೆಗಾಗಿ ಅಲ್ಲ, ನೀನು ಕೇಳಿದ್ದಕ್ಕೆ. ನಮ್ಮ ಮುಂದೆ ಎರಡು ತಂತ್ರಾಂಶಗಳಿದ್ದವು. ಒಂದು ಈ ಕಂಪನಿಯದು. ಇನ್ನೊಂದು ನೆರೆಯ ರಾಜ್ಯದವರದು. ಅಲ್ಲಿನ ಸರ್ಕಾರದ ಇಂಜಿನಿಯರುಗಳೇ ಬರೆದದ್ದು. ಒಳಗಿನ ಬರಹವನ್ನೆಲ್ಲ ಜಗತ್ತಿಗೆ ತೆರೆದಿಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತೋರಿಸಬಹುದು, ಯಾವ ಸರ್ಕಾರ ಬೇಕಾದರೂ ತೆಗೆದುಕೊಂಡು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಓಪನ್ ಸೋರ್ಸ್ ಎನ್ನುತ್ತಾರೆ. ನಮ್ಮಲ್ಲಿ ಒಬ್ಬಳು ಇಂಜಿನಿಯರು ಇದ್ದಳು, ಅದೇ ಬೇಕೆಂದು ಹಟ ಹಿಡಿದಿದ್ದಳು. "ಸಾರ್, ಒಳಗಿನದು ನಮ್ಮ ಕೈಯಲ್ಲಿರಬೇಕು. ನಾಳೆ ಜನ ಬಂದು ಯಾಕೆ ಅಂತ ಕೇಳಿದ್ರೆ ಏನು ಹೇಳ್ತೀರಿ?" ಎಂದಳು.

ನಾನು, "ಯಾರು ಕೇಳ್ತಾರಮ್ಮ?" ಎಂದೆ. ಸಭೆಯಲ್ಲಿ ಎಲ್ಲರೂ ನಕ್ಕರು. ಕೇಳಿದವಳು ನೀನು.

ನನಗೆ ಹೆದರಿಕೆಯಿತ್ತು. ಪುಕ್ಕಟೆ ಸಿಕ್ಕಿದ್ದು ಕೆಟ್ಟು ನಿಂತರೆ ಯಾರ ಕೊರಳಿಗೆ ಬರುತ್ತದೆ? ನನ್ನದಕ್ಕೆ. ಕಂಪನಿಯಾದರೆ ಕೋಟು ಹಾಕಿಕೊಂಡು ಬಂದು ಜವಾಬ್ದಾರಿ ನಮ್ಮದು ಎಂದಿತು, ಯಾವಾಗ ಬೇಕಾದರೂ ಕರೆಯಿರಿ ಎಂದು ಒಂದು ನಂಬರು ಕೊಟ್ಟಿತು. ಈಗ ಆ ನಂಬರಿಗೆ ಫೋನ್ ಮಾಡಿದರೆ ಹಾಡು ಕೇಳಿಸುತ್ತದೆ.

ಕಳೆದ ವಾರ ಒಂದು ಕೆಲಸ ಮಾಡಿದೆ. ನೆರೆಯ ರಾಜ್ಯದವರ ತಂತ್ರಾಂಶವನ್ನು ಯಾರು ಬೇಕಾದರೂ ಪರೀಕ್ಷೆಗೆ ನಡೆಸಿ ನೋಡಬಹುದು. ನಿನ್ನ ಜನವರಿಯ ಕಾಗದ ಮುಂದಿಟ್ಟುಕೊಂಡು, ನೀನು ಹೇಳಿದ ಉತ್ತರಗಳನ್ನೇ ಹಾಕಿದೆ. ವಯಸ್ಸು. ಯಜಮಾನಿ ನಾನೇ. ದುಡಿಯುವವಳು ನಾನೇ. ನೋಡಿಕೊಳ್ಳುವವಳು ನಾನೇ. ಅದೂ ಒಪ್ಪಲಿಲ್ಲ, ಅಕ್ಕ. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಕೆಳಗೆ ಬರೆದು ತೋರಿಸಿತು: "ನೋಡಿಕೊಳ್ಳುವವರಿಗೆ ಅರವತ್ತು ದಾಟಿದ್ದರೆ ಮನೆಯಲ್ಲಿ ಇನ್ನೊಬ್ಬ ವಯಸ್ಕರು ಬೇಕು. ಯಾರಾದರೂ ಇದ್ದಾರೆಯೇ? ಅವರ ಹೆಸರು ಸೇರಿಸಿ." ಸೊಸೆಯ ಹೆಸರು ಹಾಕಿದೆ. ಅರ್ಹರು ಎಂದಿತು. ನನ್ನ ಚಹಾ ಇನ್ನೂ ಬಿಸಿಯಾಗಿತ್ತು.

ಆ ನಿಯಮ ನಮ್ಮ ಕಾನೂನಿನಲ್ಲೂ ಇದೆ. ನಮ್ಮ ಪೆಟ್ಟಿಗೆಯಲ್ಲೂ ಅದೇ ಅಡ್ಡ ಬಂದಿರಬೇಕು. ಇರಬೇಕು ಎನ್ನುತ್ತೇನೆ, ಇದೆ ಎಂದು ಪ್ರಮಾಣ ಮಾಡಲಾರೆ, ಏಕೆಂದರೆ ನೋಡಿಲ್ಲ. ಅಕ್ಕ, ಸೊಸೆ ಅಲ್ಲೇ ನಿಂತಿದ್ದಳು ಎಂದು ನೀನೇ ಬರೆದಿದ್ದೀಯ. ಅವಳ ಹೆಸರನ್ನು ಯಾಕೆ ಹೇಳಲಿಲ್ಲ?

ಅವಳನ್ನು ಕರೆದುಕೊಂಡು ಹೋಗಿ ಮತ್ತೆ ಅರ್ಜಿ ಹಾಕು. ಆ ಫೋಟೋ ತೆಗೆಸುತ್ತೇನೆ.

ನಿನ್ನ ತಮ್ಮ


ಜೂನ್ 17

ತಮ್ಮನಿಗೆ,

ಒಲೆ ಉರಿಯುತ್ತಿದೆ. ಅದರಿಂದ ಏನನ್ನೂ ತಿಳಿದುಕೊಳ್ಳಬೇಡ.

ನಿನ್ನ ಕಾಗದ ಬಂದ ಮರುದಿನವೇ ಸೊಸೆಯನ್ನು ಕರೆದುಕೊಂಡು ಹೋದೆ. ಈ ಸಲ ಅವಳನ್ನು ಮುಂದೆ ನಿಲ್ಲಿಸಿ ನಾನು ಹಿಂದೆ ನಿಂತೆ. ಅದೇ ಹುಡುಗಿ, ಅವೇ ಪ್ರಶ್ನೆಗಳು. ಮಗುವನ್ನು ನೋಡಿಕೊಳ್ಳುವವರು ಯಾರು ಎಂದಾಗ ಸೊಸೆ ತಿರುಗಿ ನನ್ನ ಮುಖ ನೋಡಿದಳು. "ಹೇಳು" ಎಂದೆ. "ನಾನು" ಎಂದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಹುಡುಗಿ ಟೈಪ್ ಮಾಡಿದಳು. ಪರದೆಯ ಮೇಲೆ ಬಂತು: ಅರ್ಹರು. ಸೊಸೆ ನನ್ನ ಕೈ ಹಿಡಿದುಕೊಂಡಳು, ಮದುವೆಯಾಗಿ ಬಂದ ಮೇಲೆ ಮೊದಲ ಸಲ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಮಗು ಲಭ್ಯವಿಲ್ಲ.

ಅಂಗಡಿಯಲ್ಲಿ ಬ್ರೆಡ್ ಮುಗಿದಾಗ ನಾನೂ ಒಂದು ಬೋರ್ಡು ಹಾಕುತ್ತೇನೆ. ಅದರಲ್ಲೂ ನಾಳೆ ಬನ್ನಿ ಎಂದು ಇರುತ್ತದೆ.

ಏಪ್ರಿಲ್‌ನಲ್ಲೇ ಅವಳನ್ನು ಒಂದು ಸಾಕುಮನೆಗೆ ಕೊಟ್ಟಾಗಿದೆಯಂತೆ, ಅವರು ಶಾಶ್ವತವಾಗಿ ಕೇಳಿದ್ದಾರಂತೆ, ಯಂತ್ರ ಒಪ್ಪಿದೆಯಂತೆ. ಯಾವ ನಿಯಮದ ಮೇಲೆ ಎಂದು ಈ ಸಲ ಕೇಳಲಿಲ್ಲ. ಮೇ ತಿಂಗಳ ಸಭೆಯಲ್ಲಿ ನೀನು ಎತ್ತಿದೆ, ಒಪ್ಪಂದ ಮುಗಿಯುವವರೆಗೆ ಏನೂ ಮಾಡುವಂತಿಲ್ಲ ಎಂದರು ಎಂದು ನಿನ್ನ ಹೆಂಡತಿ ಸೊಸೆಗೆ ಫೋನಿನಲ್ಲಿ ಹೇಳಿದಳು. ನೀನೇ ಬರೆಯಬಹುದಿತ್ತು.

ಮೊನ್ನೆ ನೋಡಲು ಬಿಟ್ಟರು. ಎರಡು ಬಸ್ಸು ಬದಲಾಯಿಸಿ ಹೋದೆವು. ಆ ಮನೆಯವಳು ಒಳ್ಳೆಯ ಹೆಂಗಸು, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಒಂದು ಮಾತಾದರೂ ಆಡಿ ಬರಬಹುದಿತ್ತು. ಅಂಗಳ ಗುಡಿಸಿತ್ತು, ಮಗುವಿನ ಚಪ್ಪಲಿ ಹೊಸದು, ಕೂದಲನ್ನು ಎರಡು ಜಡೆ ಹಾಕಿದ್ದರು. ನಾವು ಗೇಟಿನಲ್ಲಿ ನಿಂತೆವು. ನಾನು ಮುಂದೆ, ಸೊಸೆ ನನ್ನ ಹಿಂದೆ, ಎಂದಿನ ಹಾಗೆ. ರಸ್ಕು ಬಾಗಿಲಿಗೆ ಬಂದು ನೋಡಿದಳು. ಆಮೇಲೆ ಓಡಿ ಬಂದಳು. ನಾನು ಬಗ್ಗಿ ಕೈ ಚಾಚಿದೆ. ಅವಳು ನನ್ನ ಪಕ್ಕದಿಂದ ಹಾದುಹೋಗಿ ಸೊಸೆಯ ಸೀರೆಯೊಳಗೆ ಮುಖ ಹುದುಗಿಸಿದಳು.

ಕೌಂಟರಿನ ಹುಡುಗಿಯ ಮೂರು ಪ್ರಶ್ನೆಗಳಿಗೆ ನಾನೇ ಎಂದಿದ್ದೆ. ಎರಡಕ್ಕೆ ಸರಿಯಾದ ಉತ್ತರ ಹೇಳಿದ್ದೆ. ಮೂರನೆಯದಕ್ಕೆ ಮಗು ಹೇಳಿತು.

ಹೊರಡುವಾಗ ರಸ್ಕು, "ಅಜ್ಜಿ, ನನ್ನ ಹೆಸರಿನದ್ದು ತಂದಿದ್ದೀಯಾ?" ಎಂದಳು. ಡಬ್ಬಿ ಕೊಟ್ಟೆ. ಆ ಮನೆಯವಳು, "ತುಂಬ ಚೆನ್ನಾಗಿದೆ, ನಾನೂ ಮಾಡಿಕೊಡ್ತೀನಿ, ಹೇಗೆ ಮಾಡೋದು ಹೇಳ್ತೀರಾ ಅಮ್ಮ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಹೇಳತೊಡಗಿದಳು. ಹಿಟ್ಟು ಎಷ್ಟು, ಉಪ್ಪು ಎಷ್ಟು, ಎರಡನೆಯ ಸಲ ಬೇಯಿಸುವಾಗ ಒಲೆಯ ಬಾಗಿಲನ್ನು ಎಷ್ಟು ತೆರೆದಿಡಬೇಕು, ಒಂದೂ ತಪ್ಪಿಲ್ಲದೆ. ನಾನು ಬೆನ್ನು ತಿರುಗಿಸಿ ನಿಂತಿದ್ದೆಲ್ಲ ಇವಳ ಮುಂದೆ ಏನೂ ನಡೆಯಲಿಲ್ಲ. ಬಸ್ಸಿನಲ್ಲಿ ಕೇಳಿದೆ, ಯಾವಾಗ ಕಲಿತೆ ಎಂದು. "ನೀವು ಎರಡು ವರ್ಷದಿಂದ ಉಪ್ಪು ಮರೀತಿದ್ದೀರಿ ಅತ್ತೆ, ಆಮೇಲೆ ನಾನೇ ಹಾಕ್ತಿದ್ದೆ" ಎಂದಳು. 

ಅವಳ ಹೆಸರನ್ನು ಯಾಕೆ ಹೇಳಲಿಲ್ಲ ಎಂದು ನೀನು ಕೇಳಿದ್ದೆ. ನಿನಗೆ ಗೊತ್ತಿದ್ದೇ ಕೇಳಿದ್ದೀಯ. ಅದು ನನ್ನ ತಪ್ಪು. ಒಪ್ಪುತ್ತೇನೆ, ಹೊರುತ್ತೇನೆ, ಯಾರ ತಲೆಗೂ ಕಟ್ಟುವುದಿಲ್ಲ. ಕೌಂಟರಿನ ಹುಡುಗಿ ಎರಡನೆಯ ಸಲ ಕೇಳಲು ಹೆದರಿದಳು, ಹೆದರಿಸಿದವಳೂ ನಾನೇ, ನಿನ್ನ ಫೋಟೋ ತೋರಿಸಿ. ಆ ನೆರೆಯ ರಾಜ್ಯದ ಯಂತ್ರಕ್ಕೆ ಯಾರ ಅಕ್ಕನ ಹೆದರಿಕೆಯೂ ಇಲ್ಲ. ಇನ್ನೊಮ್ಮೆ ಕೇಳುತ್ತದೆ, ಯಾಕೆ ಕೇಳುತ್ತಿದ್ದೇನೆ ಎಂದೂ ಹೇಳುತ್ತದೆ. ನನ್ನ ತಪ್ಪು ನನ್ನದು. ಆ ತಪ್ಪನ್ನು ತಿದ್ದುವ ಹೊತ್ತಿನಲ್ಲಿ ನನಗೆ ಕಾಣದ ಹಾಗೆ ಮುಚ್ಚಿಟ್ಟದ್ದು ನಿನ್ನದು. ಅದನ್ನು ನಾನು ಹೊರುವುದಿಲ್ಲ.

ಫೋಟೋ ತೆಗೆಸಬೇಡ. ಅಲ್ಲೇ ಇರಲಿ. ನಾನು ಸೇವಾ ಕೇಂದ್ರಕ್ಕೆ ಹೋಗಿ, ಅದನ್ನು ಗಡಿಯಾರದ ಪಕ್ಕದಿಂದ ಇಳಿಸಿ ಕಣ್ಣಿಗೆ ನೇರವಾಗಿ ಹಾಕಿ ಎಂದು ಹೇಳಿ ಬಂದಿದ್ದೇನೆ. ನಿಮ್ಮ ಅಧಿಕಾರಿಯ ಅಕ್ಕ ಹೇಳಿದಳೆಂದು ಕೂಡಲೇ ಹಾಕಿದರು. ಯಾಕೆ ಎಂದು ಕೇಳುವವರು ಇನ್ನು ತಲೆಯೆತ್ತಿ ಹುಡುಕಬೇಕಾಗಿಲ್ಲ. ಕೆಳಗಿನ ಅಚ್ಚು ಎಲ್ಲರ ಕನ್ನಡಕಕ್ಕೂ ನಿಲುಕುತ್ತದೆ.

ಇನ್ನು ಮೇಲೆ ರಸ್ಕು ಬೇಕೆಂದರೆ ಸೊಸೆಗೆ ಬರೆ. ಅವಳ ಹೆಸರಿಗೇ ಬರೆಯಬೇಕು.

ಅಕ್ಕ